ಕಾಶೆವ್ವ ನೋಡದ ಸಮುದ್ರ

ಗುರುಸಿದ್ದವ್ವ ಒಳ್ಳೆಯ ಹೆಂಗಸು ಎಂದು ಹಳಿಯಾಳದ ಆ ಓಣಿಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಿದ್ದರು. ಯುದ್ಧ ನಡೆದಷ್ಟು ಕಾಲ ಅದು ನಿಜವೂ ಆಗಿತ್ತು. ಮೈದುನ ಶಿವಲಿಂಗಪ್ಪ ಮದುವೆಯಾದ ವರ್ಷವೇ ದಂಡಿಗೆ ಸೇರಿ, ಮೋಟಾರು ಓಡಿಸಲು ಸಮುದ್ರದಾಚೆ ಹೋಗಿಬಿಟ್ಟಿದ್ದ. ಅವನ ಹೆಂಡತಿ ಕಾಶೆವ್ವ, ಇನ್ನೂ ಮೈಯ ಅರಿಶಿನ ಆರದ ಹುಡುಗಿ, ಅತ್ತೆಯ ಮನೆಯಲ್ಲಿ ಒಬ್ಬಳೇ ಉಳಿದಳು. ಆಗ ಅವಳನ್ನು ಮಗಳ ಹಾಗೆ ನೋಡಿಕೊಂಡವಳು ನೆಗೆಣ್ಣಿ ಗುರುಸಿದ್ದವ್ವನೇ. ಅವಳ ತಲೆ ಬಾಚಿದಳು, ಅವಳು ಅತ್ತಾಗ ಜೊತೆಗೆ ಅತ್ತಳು, ಹಬ್ಬದ ದಿನ ತನ್ನ ಎಲೆಗಿಂತ ಮೊದಲು ಅವಳ ಎಲೆಗೆ ಹೋಳಿಗೆ ಹಾಕಿದಳು.

ಆದರೆ ಕನಿಕರದಿಂದ ಪ್ರೀತಿಸುವುದು ಏನು ಮಹಾ ಕಷ್ಟ? ತನ್ನ ಗಂಡ ಅಂದಾನೆಪ್ಪ ದಿನಾ ಸಂಜೆ ಕಿರಾಣಿ ಅಂಗಡಿ ಮುಚ್ಚಿ ಮನೆಗೆ ಬರುತ್ತಾನೆ; ಅವಳ ಗಂಡ ಬದುಕಿದ್ದಾನೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಅಂಥವಳ ತಲೆ ನೇವರಿಸುವಾಗ ತಾನೇ ಒಂದು ಗೇಣು ಎತ್ತರವಾದಂತೆ ಅನ್ನಿಸುತ್ತದೆ. ಗುರುಸಿದ್ದವ್ವನಿಗೂ ಅನ್ನಿಸುತ್ತಿತ್ತು. ಅದನ್ನೇ ಅವಳು ತನ್ನ ದೊಡ್ಡ ಮನಸ್ಸು ಎಂದು ತಿಳಿದುಕೊಂಡಿದ್ದಳು.

ಯುದ್ಧ ಮುಗಿದ ಮರುವರ್ಷ ಶಿವಲಿಂಗಪ್ಪ ಜೀವಂತವಾಗಿ, ಕೈಕಾಲು ನೆಟ್ಟಗೆ ಇಟ್ಟುಕೊಂಡು, ಒಂದು ತಗಡಿನ ಟ್ರಂಕು ಹೊತ್ತು ಮನೆಗೆ ಬಂದ. ಮನೆಯಲ್ಲಿ ಹಬ್ಬವೋ ಹಬ್ಬ. ಅವನ ತಾಯಿ ಮುದಕವ್ವ ಮಗನ ಮುಖ ಸವರಿ ಮೊದಲು ಕೇಳಿದ್ದು ಎರಡೇ ಮಾತು: ಕೊರಳಲ್ಲಿ ಲಿಂಗ ಐತಿಲ್ಲೋ, ಮತ್ತೆ ಅಲ್ಲಿ ಏನು ತಿಂದಿ?

"ಲಿಂಗ ಐತಿ ಯವ್ವಾ. ಅಲ್ಲಿ ಶಾವಿಗಿ ತಿಂದೇನಿ."

"ಶಾವಿಗಿ? ಆ ಬಿಳೇ ಮಂದಿ ಶಾವಿಗಿ ತಿಂತಾರೇನು?"

"ಇಟಲಿ ದೇಶದಾಗ ಅದ ಊಟ. ನಮ್ಮವ್ವರಂಗ ಸಣ್ಣಗ ಹೊಸಿಯೂದಿಲ್ಲ. ಹಗ್ಗದಷ್ಟ ದಪ್ಪ. ಹಾಲು ಬೆಲ್ಲ ಇಲ್ಲ, ಟೊಮ್ಯಾಟೊ ರಸ ಸುರೂಕೊಂಡು ತಿಂತಾರ."

ಟೊಮ್ಯಾಟೊ ಹಾಕಿದ ಶಾವಿಗೆಯನ್ನು ನೆನೆದು ಮುದಕವ್ವ ಮುಖ ಕಿವಿಚಿದಳು. ಎಲ್ಲರೂ ನಕ್ಕರು. ಗುರುಸಿದ್ದವ್ವನೂ ನಕ್ಕಳು. ಅವತ್ತು ಅವಳ ನಗು ಮನಸಾರೆ ನಕ್ಕ ನಗುವೇ.

ಕಿಚ್ಚು ಹತ್ತಿದ್ದು ಆಮೇಲೆ, ಟ್ರಂಕು ಬಿಚ್ಚಿದಾಗ. ಗುರುಸಿದ್ದವ್ವನಿಗೆ ಒಂದು ವಾಸನೆ ಸಾಬೂನು ಬಂತು. ಕಾಶೆವ್ವನಿಗೆ ಒಂದು ಕಟ್ಟು ಬಣ್ಣದ ಚಿತ್ರದ ಕಾರ್ಡುಗಳು ಬಂದವು. ಸಾಬೂನು ಒಳ್ಳೆಯದೇ, ಆದರೆ ಬಳಸಿದರೆ ಕರಗುತ್ತದೆ. ಆ ಕಾರ್ಡುಗಳಲ್ಲಿ ಇಡೀ ಒಂದು ದೇಶವೇ ಇತ್ತು. ಬೆಟ್ಟದ ಮೈಮೇಲೆ ಮೆಟ್ಟಿಲು ಮೆಟ್ಟಿಲಾಗಿ ಹಳದಿ, ಗುಲಾಬಿ, ಬಿಳಿ ಮನೆಗಳು. ಕೆಳಗೆ ನೀಲಿ ಕಡಲು. ಆಚೆಗೆ ನೆತ್ತಿಯಿಂದ ಹೊಗೆ ಬಿಡುವ ಇನ್ನೊಂದು ಬೆಟ್ಟ. ಯುದ್ಧ ನಿಂತ ಮೇಲೆ ಊರಿಗೆ ಕಳಿಸುವ ಹಡಗಿಗಾಗಿ ಶಿವಲಿಂಗಪ್ಪನ ತುಕಡಿ ಆ ಕಡಲ ದಂಡೆಯಲ್ಲೇ ತಿಂಗಳುಗಟ್ಟಲೆ ಬಿದ್ದುಕೊಂಡಿತ್ತಂತೆ. ರಜೆಯ ದಿನ ಲಾರಿಯಲ್ಲಿ ತುಂಬಿಕೊಂಡು ಹೋಗಿ ಸಿಪಾಯಿಗಳಿಗೆ ಎಲ್ಲ ತೋರಿಸುತ್ತಿದ್ದರಂತೆ.

ಸಂಜೆ ಕಟ್ಟೆಯ ಮೇಲೆ ಕೂತು ಅವನು ಒಂದೊಂದೇ ಕಾರ್ಡು ತೆಗೆದು ಹೇಳುತ್ತಿದ್ದ. ಓಣಿಯ ಅರ್ಧ ಜನ ನೆರೆಯುತ್ತಿದ್ದರು. ಕಡಲಲ್ಲಿ ಒಂದು ಗವಿ ಇದೆ, ದೋಣಿಯಲ್ಲಿ ಅಂಗಾತ ಮಲಗಿಕೊಂಡೇ ಒಳಗೆ ಹೋಗಬೇಕು, ಒಳಗಿನ ನೀರೆಲ್ಲ ಬಟ್ಟೆಗೆ ಹಾಕುವ ನೀಲಿಯ ಬಣ್ಣ. ಬೂದಿಯಲ್ಲಿ ಮುಚ್ಚಿಹೋಗಿ ಸಾವಿರಾರು ವರ್ಷವಾದ ಊರೊಂದಿದೆ, ಅಗೆದು ತೆಗೆದಿದ್ದಾರೆ, ಅದರಲ್ಲಿ ಅಂಗಡಿಗಳು ಹಾಗೇ ನಿಂತಿವೆ. ಗಾಜಿನ ಗೋಡೆಯ ಹಿಂದೆ ಜೀವಂತ ಮೀನು ಇಟ್ಟ ಮನೆಯಿದೆ. ಲಿಂಬೆಹಣ್ಣು ಕೈಯಲ್ಲಿ ಹಿಡಿಸುವುದಿಲ್ಲ, ಅಷ್ಟು ದೊಡ್ಡವು.

"ಇಷ್ಟೆಲ್ಲ ಯಾರು ನೋಡಾಕ ಬರ್ತಾರೋ ತಮ್ಮಾ? ಜಾತ್ರಿ ಇರತೈತೇನು?" ಎಂದು ಮಗ್ಗುಲ ಮನೆಯ ಹೊಳೆವ್ವ ಕೇಳಿದಳು.

"ಜಾತ್ರಿ ಇಲ್ಲ, ಹಬ್ಬ ಇಲ್ಲ, ಹರಕಿ ಇಲ್ಲ. ಸುಮ್ಮನ ಬರ್ತಾರ. ಐತಾರ ಬಂದ್ರ ಸಾಕು, ಗಂಡ, ಹೆಂಡ್ತಿ, ಮಕ್ಕಳು, ಮುದುಕರು, ಎಲ್ಲಾರೂ. ಕೂಸನ್ನ ಅಪ್ಪ ಹೆಗಲ ಮ್ಯಾಲೆ ಕೂಡ್ರಿಸ್ಕೊಂಡಿರ್ತಾನ. ಹೆಂಡ್ತಿ ಗಂಡನ ಕೈ ಹಿಡಕೊಂಡು ಜೋಡೀಲೆ ನಡೀತಾಳ. ದೋಣ್ಯಾಗ ಕೂಡ್ತಾರ, ಬರ್ಫ ತಿಂತಾರ, ಕಡಲ ನೋಡ್ಕೋತ ಕೂತು ಸಂಜಿಕೆ ಮನಿಗೆ ಹೋಗ್ತಾರ. ಯುದ್ಧದಾಗ ಮನಿ ಬಿದ್ದಾವ, ಹೊಟ್ಟಿಗೆ ಸಾಲೂದಿಲ್ಲ, ಆದ್ರೂ ಹೋಗ್ತಾರ."

ಸುಮ್ಮನೆ ಹೋಗುವುದು. ಹರಕೆಯಿಲ್ಲದೆ, ಹೆರಿಗೆಯಿಲ್ಲದೆ, ಸಾವಿಲ್ಲದೆ, ನೋಡಬೇಕೆಂದು ಮಾತ್ರ ಹೆಣ್ಣುಮಗಳೊಬ್ಬಳು ಮನೆ ಬಿಟ್ಟು ಹೋಗುವುದು. ಗುರುಸಿದ್ದವ್ವನಿಗೆ ಆ ಮಾತು ಎದೆಯಲ್ಲಿ ಸಿಕ್ಕಿಕೊಂಡಿತು. ಅವಳ ಬದುಕಿನ ದೇಶಾಟನೆ ಎಂದರೆ ಮುಂಡಗೋಡದ ಹತ್ತಿರದ ತವರೂರು ಸನವಳ್ಳಿ, ಮತ್ತೆ ಒಂದೇ ಒಂದು ಸಲ ಚಕ್ಕಡಿಯಲ್ಲಿ ಉಳವಿಯ ಜಾತ್ರೆ. ಉಳವಿಗೆ ಹೋದಾಗಲೂ ಮಡಿಲಲ್ಲಿ ಕೂಸು ವಾಂತಿ ಮಾಡಿಕೊಳ್ಳುತ್ತಿತ್ತು, ಅವಳು ಕಾಡು ನೋಡಿದ್ದು ಅಷ್ಟಕ್ಕಷ್ಟೆ.

ಶಿವಲಿಂಗಪ್ಪ ಹೇಳಿ ಸುಮ್ಮನಾಗಿದ್ದರೆ ಆ ಕಿಚ್ಚು ತಾನೇ ಆರುತ್ತಿತ್ತೋ ಏನೋ. ಅವನು ಮಾಡಿಯೂ ತೋರಿಸಿದ. ದಾಂಡೇಲಿಯ ಮಜೀದ ಎಂಬ ಕಟ್ಟಿಗೆ ಸಾಗಿಸುವವನ ಹತ್ತಿರ ಲಾರಿ ಓಡಿಸಲು ಸೇರಿದ. ಭಾನುವಾರ ರಜೆ ಸಿಕ್ಕಿತು. ಸಂಜೆಗೆ ಒಗೆದ ಅಂಗಿ ತೊಟ್ಟು, "ಕಾಶೀ, ನಡಿ, ಕೆರಿ ಕಡೆ ಹೋಗಿಬರೂಣು" ಎಂದ. ಅದೂ ತಾಯಿಯ ಎದುರಿಗೆ, ಅಣ್ಣನ ಎದುರಿಗೆ. ಕಾಶೆವ್ವ ನಾಚಿ ನೆಲ ನೋಡಿದಳು, ಆದರೆ ಹೋಗಲು ಮಾತ್ರ ಮರೆಯಲಿಲ್ಲ. ಓಣಿಯಲ್ಲಿ ಗಂಡ ನಾಲ್ಕು ಮಾರು ಮುಂದೆ, ಹೆಂಡತಿ ಹಿಂದೆ ನಡೆಯುವ ಕಾಲ ಅದು. ಇವರಿಬ್ಬರೂ ಜೋಡಿಯಾಗಿ ನಡೆದರು. ಕೆರೆಯ ಏರಿಯ ಮೇಲೆ ಕೂತು ಮಿರ್ಚಿ ಭಜಿ ತಿಂದರು ಎಂಬ ಸುದ್ದಿ ಇವರು ಮನೆ ಮುಟ್ಟುವ ಮೊದಲೇ ಹೊಳೆವ್ವನ ಬಾಯಿಂದ ಮನೆ ಮುಟ್ಟಿತು.

ಮುದಕವ್ವ ಬಯ್ಯುತ್ತಾಳೆ ಎಂದು ಗುರುಸಿದ್ದವ್ವ ಕಾದಳು. ಮುದಕವ್ವ ಬಯ್ಯಲಿಲ್ಲ. "ಹೋಗ್ಲಿ ಬಿಡು, ಸತ್ತು ಹುಟ್ಟಿ ಬಂದಾನ ನನ್ನ ಮಗ" ಎಂದಳು. ತಾನು ಸೊಸೆಯಾಗಿ ಬಂದ ಹೊಸದರಲ್ಲಿ ಹಿತ್ತಲ ಬಾಗಿಲಲ್ಲಿ ನಿಂತದ್ದಕ್ಕೇ ಇದೇ ಅತ್ತೆ ಮೂರು ದಿನ ಮಾತು ಬಿಟ್ಟಿದ್ದು ಗುರುಸಿದ್ದವ್ವನಿಗೆ ನೆನಪಾಯಿತು.

ಅವತ್ತು ಊಟಕ್ಕೆ ಬಡಿಸುವಾಗ ಅವಳು ಗಂಡನನ್ನು ಕೇಳಿದಳು. ಮದುವೆಯಾದಾಗಿನಿಂದ ಏನನ್ನೂ ಕೇಳದವಳು ಕೇಳಿದಳು.

"ನಾವೂ ಒಮ್ಮಿ ಎಲ್ಲರೆ ಹೋಗಿಬರೂಣೇನ್ರಿ?"

"ಎಲ್ಲಿಗೆ? ಯಾರಿಗೇನಾಗೇತಿ?" ಎಂದ ಅಂದಾನೆಪ್ಪ, ಬಾಯಿಗೆ ಇಡುತ್ತಿದ್ದ ತುತ್ತನ್ನು ಹಾಗೇ ಹಿಡಿದು.

"ಯಾರಿಗೇನೂ ಆಗಿಲ್ರಿ. ಸುಮ್ಮನ. ಸಮುದ್ರ ನೋಡಾಕ."

ಅಂದಾನೆಪ್ಪ ಕೆಟ್ಟವನಲ್ಲ. ಹೆಂಡತಿಯ ಮೇಲೆ ಒಂದು ದಿನವೂ ಕೈ ಎತ್ತಿದವನಲ್ಲ. ಆದರೆ ಕೆಲವು ಗಂಡಸರಿಗೆ ಎಲ್ಲವೂ ಅಂಗಡಿಯ ಅಳತೆಯಲ್ಲೇ ಕಾಣುತ್ತದೆ. "ಕೆರಿ ನೋಡಿಯಲ್ಲ? ಅದನ್ನ ಒಂದೀಟು ದೊಡ್ಡದು ಮಾಡಿದ್ರ ಸಮುದ್ರ. ಅದ ನೀರು. ಮ್ಯಾಲೆ ಉಪ್ಪು. ಉಪ್ಪು ನಮ್ಮ ಅಂಗಡ್ಯಾಗ ಚೀಲಗಟ್ಟಲೆ ಐತಿ" ಎಂದು ತನ್ನ ಮಾತಿಗೆ ತಾನೇ ನಕ್ಕು, ಮಜ್ಜಿಗೆ ಕೇಳಿದ. ಅವಳು ಮಜ್ಜಿಗೆ ಹಾಕಿದಳು. ಅಡುಗೆಮನೆಗೆ ಹೋಗಿ ಒಲೆಯ ಮುಂದೆ ಕೂತು ಸೆರಗು ಬಾಯಿಗೆ ತುರುಕಿಕೊಂಡಳು.

ಹೊಟ್ಟೆಕಿಚ್ಚಿಗೆ ಒಂದು ಗುಣವಿದೆ. ಸಿಗದೇ ಇದ್ದದ್ದಕ್ಕೆ ಅದು ಕೊಡದವನ ಮೇಲೆ ತಿರುಗುವುದಿಲ್ಲ, ಸಿಕ್ಕವರ ಮೇಲೆ ತಿರುಗುತ್ತದೆ. ಗುರುಸಿದ್ದವ್ವನಿಗೆ ಗಂಡನ ಮೇಲೆ ಸಿಟ್ಟು ಬರಲಿಲ್ಲ. ಕಾಶೆವ್ವ ತಲೆ ಬಾಚಿಕೊಂಡರೆ ಸಿಟ್ಟು ಬಂತು, ಹಾಡಿಕೊಂಡರೆ ಸಿಟ್ಟು ಬಂತು. ಕಾಶೆವ್ವನೋ, ಎಂಥ ಬುದ್ಧಿಗೇಡಿ ಎಂದರೆ, ಪ್ರತಿ ಸಂತೋಷವನ್ನೂ ತಂದು ಅಕ್ಕನ ಮುಂದೆಯೇ ಸುರಿಯುತ್ತಿದ್ದಳು. "ಅಕ್ಕಾ, ಈ ಚಿತ್ರ ನೋಡ್ರಿ, ಈ ಬಾಲಿ ತಲಿಮ್ಯಾಲೆ ಬುಟ್ಟಿಯಂಥಾದ್ದು ಹಾಕ್ಕೊಂಡಾಳ." "ಅಕ್ಕಾ, ಅವ್ರು ಅಂದ್ರು, ಕಡಲಿನ ಸಪ್ಪಳ ಊರ ಹೊರಗಿಂದನ ಕೇಳ್ತೈತೆಂತ." ಅಕ್ಕ ಹ್ಞೂಂ ಅನ್ನುತ್ತಿದ್ದಳು.

ಸಂಕ್ರಾಂತಿ ಕಳೆದ ಮೇಲೆ ಶಿವಲಿಂಗಪ್ಪ ದೊಡ್ಡ ಸುದ್ದಿ ತಂದ. ಮಜೀದನ ಲಾರಿಗೆ ಜೋಯಡಾದ ಕಾಡಿನಿಂದ ಘಟ್ಟದ ಕೆಳಗೆ ಮರ ಇಳಿಸುವ ಗುತ್ತಿಗೆ ಇತ್ತು. ಅದರ ಕೊನೆಯ ಲೋಡು ಬರುವ ಸೋಮವಾರ. ಹೊಳೆ ದಾಟಿ, ಜೋಯಡಾ ಮೇಲೆ ಹಾಯ್ದು ಘಟ್ಟ ಇಳಿದರೆ ಅಲ್ಲಿಂದ ದೋಣಿ. ದೋಣಿಯಲ್ಲಿ ಕಾಳೀ ಹೊಳೆಯ ಜೊತೆಗೇ ಹೋದರೆ ಕಾರವಾರದ ಕಡಲು. ಮಜೀದ ಒಪ್ಪಿದ್ದ, ಹೆಂಡತಿಯನ್ನು ಕರೆದುಕೊಂಡು ಹೋಗಿ ಎರಡು ದಿನ ಇದ್ದು ಬಾ ಎಂದಿದ್ದ. ಆ ಗುತ್ತಿಗೆ ಮುಗಿದರೆ ಲಾರಿ ಮತ್ತೆ ಆ ದಿಕ್ಕಿಗೆ ಹೋಗುವುದಿಲ್ಲ.

"ಇಟಲಿಯಷ್ಟ ಛಂದ ಇರಲಿಕ್ಕಿಲ್ಲ. ಆದ್ರ ಕಡಲ ಅದ ಅಲ್ಲೇನು?" ಎಂದ ಶಿವಲಿಂಗಪ್ಪ.

ಲಾರಿಯಲ್ಲಿ ಡ್ರೈವರನ ಪಕ್ಕ ಇಬ್ಬರು ಕೂರುವಷ್ಟು ಜಾಗವಿರುತ್ತದೆ. ಗುರುಸಿದ್ದವ್ವ ಅದನ್ನು ಕಣ್ಣಾರೆ ನೋಡಿದ್ದಳು. ಈಗ ಹೇಳುತ್ತಾನೆ, ಈಗ ಹೇಳುತ್ತಾನೆ ಎಂದು ಕಂಬಕ್ಕೆ ಆತು ನಿಂತಳು. ವೈನಿ, ನೀವೂ ಬರ್ರಿ. ಅಷ್ಟೇ ಮಾತು. ತಾನು ಬೇಡ ಅನ್ನುತ್ತಿದ್ದಳು, ಎರಡನೆಯ ಸಲ ಕರೆದರೂ ಬೇಡ ಅನ್ನುತ್ತಿದ್ದಳು, ಮೂರನೆಯ ಸಲಕ್ಕೆ ಹೊರಡುತ್ತಿದ್ದಳು. ಶಿವಲಿಂಗಪ್ಪ ಅವಳ ಕಡೆ ತಿರುಗಿದ.

"ವೈನಿ, ನಿಮ್ಮ ಕೈಯಾನ ಬುತ್ತಿ ಇದ್ರ ನಮ್ಮ ಪ್ರವಾಸ ಭಾಳ ಛಲೋ ಆಗ್ತೈತಿ ನೋಡ್ರಿ."

"ಕಟ್ಟಿಕೊಡ್ತೇನಿ, ಅದಕ್ಕೇನು" ಎಂದಳು ಗುರುಸಿದ್ದವ್ವ.

ಭಾನುವಾರ ಮಧ್ಯಾಹ್ನ ಅವಳು ರೊಟ್ಟಿ ಬಡಿಯಲು ಕೂತಳು. ಎರಡು ದಿನಕ್ಕೆ ಕೆಡದಂತೆ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳಿನ ಹಿಂಡಿ, ಮಾದಲಿ. ಜೋಳದ ಹಿಟ್ಟನ್ನು ಅವಳು ತಟ್ಟಿದ ಸದ್ದಿಗೆ ಹೊಳೆವ್ವ ಗೋಡೆಯ ಆಚೆಯಿಂದ, "ಯಾರ ಮ್ಯಾಲಿನ ಸಿಟ್ಟ ಅದು?" ಎಂದು ನಕ್ಕಳು. ಗುರುಸಿದ್ದವ್ವ ಮತ್ತೊಂದು ಉಂಡೆ ಎತ್ತಿಕೊಂಡಳು. ತನ್ನ ಕೈಯ ರೊಟ್ಟಿ ಸಮುದ್ರ ನೋಡುತ್ತದೆ, ತಾನು ಮಾತ್ರ ನೋಡುವುದಿಲ್ಲ. ಕಾಶೆವ್ವ ದಂಡೆಯ ಮೇಲೆ ಕೂತು ಈ ರೊಟ್ಟಿ ಮುರಿಯುತ್ತಾಳೆ, ಅಕ್ಕ ಎಷ್ಟು ಛಲೋ ಮಾಡ್ಯಾಳ ಅನ್ನುತ್ತಾಳೆ, ಆ ಗಂಡ ಅವಳ ಮುಖ ನೋಡುತ್ತಾನೆ. ತವೆಯ ಮೇಲೆ ಒಂದು ರೊಟ್ಟಿ ಸುಟ್ಟು ಕರಿಯಾಯಿತು.

ಆಗ ಮುದಕವ್ವ ಒಳಗೆ ಬಂದು, "ಗುರುಸಿದ್ದಿ, ನಾಳೆ ಹೊಂಡೂಮುಂದ ನೀನ ಅಕೀಗೆ ಉಡಿ ತುಂಬವ್ವ. ಅಕ್ಕಿ, ಕೊಬ್ಬರಿ ಬಟ್ಟಲ, ಒಂದು ಖಣ ತಗದಿಡು. ನಾ ರಂಡಿ ಮುಂಡಿ, ನಾ ತುಂಬಬಾರದು" ಎಂದಳು. ಮನೆಯ ಹೆಣ್ಣುಮಗಳು ದೂರ ಹೊರಟರೆ ಹಿರಿಯ ಮುತ್ತೈದೆ ಅವಳ ಸೆರಗಿಗೆ ಅಕ್ಕಿ ಕಾಯಿ ಹಾಕಿ ಹರಸಿ ಕಳಿಸಬೇಕು. ಬುತ್ತಿ ಕಟ್ಟುವವಳೂ ತಾನೇ, ಹರಸುವವಳೂ ತಾನೇ.

ಗುರುಸಿದ್ದವ್ವ ತಲೆ ಎತ್ತದೆ, ಹಿಟ್ಟು ತಟ್ಟುತ್ತಲೇ, ಮೆಲ್ಲಗೆ ಅಂದಳು: "ತುಂಬ್ತೇನ್ರಿ ಅತ್ತಿ. ಅಲ್ರಿ, ಕಾಶೆವ್ವ ಮೂರ್ನಾಕು ದಿನದಿಂದ ನೆಲ್ಲಿಕಾಯಿ ಉಪ್ಪು ಹಚ್ಕೊಂಡು ತಿನ್ನಾಕ ಹತ್ಯಾಳ. ಮುಂಜಾನೆ ಮುಖ ತೊಳಿಯೂಮುಂದ ಓಕರಿಸಿದಂಗೂ ಆತು. ನಂಗ್ಯಾಕೋ... ಇರಲಿ ಬಿಡ್ರಿ, ಹೊಳಿ ದಾಟೂದೈತಲ್ಲ ಅಂತ ಅಂದೆ."

ನೆಲ್ಲಿಕಾಯಿ ತಿಂದದ್ದು ನಿಜ. ಗಿಡದ ತುಂಬ ಬಿಟ್ಟಿತ್ತು, ಮನೆಯ ಎಲ್ಲರೂ ತಿನ್ನುತ್ತಿದ್ದರು. ಓಕರಿಸಿದ್ದು ಶುದ್ಧ ಸುಳ್ಳು. ಕಾಶೆವ್ವ ಮುಟ್ಟಾಗಿ ವಾರ ಕಳೆದಿತ್ತಷ್ಟೆ, ಗುರುಸಿದ್ದವ್ವನಿಗೆ ಅದು ಚೆನ್ನಾಗಿ ಗೊತ್ತಿತ್ತು.

ಮುದಕವ್ವ ಗೋಡೆ ಹಿಡಿದು ಅಲ್ಲೇ ಕೂತಳು. ಅವಳ ಕಣ್ಣಲ್ಲಿ ನೀರು ಬಂತು. ಬಸುರಿ ಹೆಂಗಸು ಹೊಳೆ ದಾಟಬಾರದು ಎನ್ನುವುದು ಆ ಮನೆಯಲ್ಲಿ ಹೇಳಿಕೊಡಬೇಕಾದ ಮಾತೇ ಅಲ್ಲ. ದಾಟಿದರೆ ಹೊಳೆ ಕೂಸನ್ನು ಕೇಳುತ್ತದೆ. ಸೋಮವಾರದ ಲಾರಿ ಕಾಶೆವ್ವನನ್ನು ಬಿಟ್ಟು ಹೋಯಿತು.

ಮೊದಲು ಕಾಶೆವ್ವ ನಂಬಲಿಲ್ಲ. ನಾಚಿಕೆಯಿಂದ ಅತ್ತೆಯ ಕಿವಿಯಲ್ಲಿ, ಮೊನ್ನೆ ತಾನೇ ತಲೆಗೆ ನೀರು ಹಾಕಿಕೊಂಡದ್ದನ್ನು ಹೇಳಿದಳು. ಮುದಕವ್ವ ಕೈ ಬೀಸಿದಳು. "ಅಂದಾನೆಪ್ಪನ ಸಲ ನಂಗೂ ಹಂಗ ಆಗಿತ್ತವ್ವ. ಎರಡು ತಿಂಗಳ ಕಾಣಿಸ್ಕೊಂಡಿತ್ತು. ನಿಮ್ಮಕ್ಕನ ಕಣ್ಣು ತಪ್ಪೂದಿಲ್ಲ. ಎರಡ ಹಡದಾಕಿ ಅಕಿ." ಹಿರಿಯರು ಅಷ್ಟು ಗಟ್ಟಿಯಾಗಿ ಹೇಳಿದ ಮೇಲೆ, ಅದೂ ತಾನು ವರ್ಷಗಟ್ಟಲೆ ಕಾಯ್ದದ್ದನ್ನೇ ಹೇಳಿದ ಮೇಲೆ, ಕಾಶೆವ್ವ ನಂಬದೆ ಏನು ಮಾಡಿಯಾಳು? ಸಂಜೆಗೆ ಓಡಿ ಬಂದು ಗುರುಸಿದ್ದವ್ವನ ಕೊರಳಿಗೆ ಬಿದ್ದಳು.

"ನಂಗ ತಿಳಿಯೂಕಿಂತ ಮೊದಲ ನಿಮಗ ಹೆಂಗ ತಿಳೀತ ಅಕ್ಕಾ?"

ಸಮುದ್ರ ತಪ್ಪಿತಲ್ಲ ಎಂದು ಇವಳು ಅತ್ತಾಳು, ಒಂದೆರಡು ದಿನ ಮುಖ ಬಾಡಿಸಿಕೊಂಡಾಳು ಎಂದು ಗುರುಸಿದ್ದವ್ವ ಲೆಕ್ಕ ಹಾಕಿದ್ದಳು. ಇವಳು ನೋಡಿದರೆ ಸಮುದ್ರವನ್ನು ಹಳೆಯ ಸೀರೆಯ ಹಾಗೆ ಬಿಸಾಕಿ ನಗುತ್ತಿದ್ದಾಳೆ.

ಅಲ್ಲಿಂದ ಮುಂದಿನದು ಗುರುಸಿದ್ದವ್ವ ತಾನೇ ಹೆಣೆದು ತಾನೇ ಕೊರಳಿಗೆ ಹಾಕಿಕೊಂಡ ಹಗ್ಗ. ಮುದಕವ್ವ ಕಾಶೆವ್ವನ ಕೈಯಿಂದ ಕೊಡ ಕಿತ್ತುಕೊಂಡಳು. ಬಾವಿಯ ನೀರೆಲ್ಲ ಗುರುಸಿದ್ದವ್ವನ ತಲೆಗೆ ಬಂತು. ಬೀಸುವುದು ಬೇಡ, ಕುಟ್ಟುವುದು ಬೇಡ. ಅದೂ ಗುರುಸಿದ್ದವ್ವನ ಕೈಗೆ ಬಂತು. ಗಟ್ಟಿ ತುಪ್ಪ ಕಾಶೆವ್ವನ ತಟ್ಟೆಗೆ, ಹಾಲಿನ ಕೆನೆ ಕಾಶೆವ್ವನ ಬಟ್ಟಲಿಗೆ. ಶಿವಲಿಂಗಪ್ಪ ದಾಂಡೇಲಿಯಿಂದ ಬರುವಾಗಲೆಲ್ಲ ಬೋರೆಹಣ್ಣು, ಕರದಂಟು, ಏನಾದರೊಂದು ತರುತ್ತಿದ್ದ. ಲಾರಿ ಖಾಲಿ ಜಾಗ ಇಟ್ಟುಕೊಂಡೇ ಘಟ್ಟ ಇಳಿದು ಬಂದದ್ದಕ್ಕೆ ಅವನಿಗೆ ಕಿಂಚಿತ್ತೂ ಬೇಸರವಿರಲಿಲ್ಲ.

"ಸಮುದ್ರ ಎಲ್ಲಿ ಓಡಿ ಹೋಗ್ತೈತಿ? ಮುಂದ ಕೂಸನ್ನ ಹೆಗಲ ಮ್ಯಾಲೆ ಕೂಡ್ರಿಸ್ಕೊಂಡ ಹೋಗೂಣು. ಅಲ್ಲಿ ಮಂದಿ ಹೋಗ್ತಾರಲ್ಲ, ಹಂಗ" ಎಂದ ಅವನು ಒಂದು ಸಂಜೆ. ಕೊಡ ಹೊತ್ತು ಒಳಗೆ ಬರುತ್ತಿದ್ದ ಗುರುಸಿದ್ದವ್ವನಿಗೆ ಅದು ಕೇಳಿಸಿತು. ಒಂದು ಸಮುದ್ರ ಕಿತ್ತುಕೊಂಡರೆ ಇವಳಿಗೆ ಎರಡು ಸಿಗುತ್ತವೆ! ಸಿಟ್ಟಿಗೆ ಅವಳು ಕೊಡವನ್ನು ಕುಕ್ಕಿ ಇಳಿಸಿದ ರಭಸಕ್ಕೆ ನೀರು ಸೀರೆಯ ಮೇಲೆ ಚೆಲ್ಲಿತು.

ಹೇಳಿಬಿಡಬಹುದಿತ್ತು. ಅತ್ತಿ, ನನಗ ತಪ್ಪು ತಿಳೀತು ಎಂದರೆ ಮುಗಿಯುತ್ತಿತ್ತು. ನಾಲ್ಕು ದಿನ ಬಯ್ಗುಳ, ಮತ್ತೆ ಎಲ್ಲ ಮೊದಲಿನ ಹಾಗೆ. ಆದರೆ ತಪ್ಪು ತಿಳಿಯಿತು ಅನ್ನಲು ಮನಸ್ಸು ಬರಬೇಕು. ಅವಳಿಗೆ ಬರಲಿಲ್ಲ. ಇವಳು ಬಸುರಿಯಲ್ಲ ಎಂದು ಎಲ್ಲರಿಗೂ ತಾನಾಗಿ ತಿಳಿದು, ಆ ತುಪ್ಪದ ಬಟ್ಟಲು ಹಿಂದೆ ಸರಿಯುವ ದಿನವನ್ನು ನೋಡಬೇಕೆಂದು ಒಳಗೊಳಗೇ ಕಾದಳು.

ತಿಂಗಳು ತುಂಬಿತು. ಕಾಶೆವ್ವ ಮುಟ್ಟಾಗಲಿಲ್ಲ. ಮತ್ತೆ ಒಂದು ವಾರ ಕಳೆಯಿತು, ಆಗಲಿಲ್ಲ. ಗುರುಸಿದ್ದವ್ವ ಬೆರಳು ಮಡಿಚಿ ಮತ್ತೆ ಮತ್ತೆ ದಿನ ಎಣಿಸಿದಳು. ತನ್ನ ಸುಳ್ಳು ಬಾಯಿಂದ ಬಿದ್ದು ಮೊಳಕೆ ಒಡೆಯಿತೇ? ವಿಚಿತ್ರವೆಂದರೆ ಆಗ ಅವಳಿಗೆ ಹೊಟ್ಟೆಕಿಚ್ಚಿಗಿಂತ ಆಸೆಯೇ ಹೆಚ್ಚಾಯಿತು. ಆಗಲಿ ಶಿವನೇ, ಖರೆ ಆಗಲಿ, ನನ್ನ ಸುಳ್ಳು ಸುಳ್ಳಾಗದೆ ಹೋಗಲಿ ಎಂದು ದಿನಾ ಲಿಂಗಪೂಜೆಯ ಹೊತ್ತಿಗೆ ಬೇಡಿಕೊಂಡಳು. ಕಾಶೆವ್ವನ ಮುಖವನ್ನು ಅಷ್ಟು ಅಕ್ಕರೆಯಿಂದ ಅವಳು ಯುದ್ಧದ ಕಾಲದಲ್ಲೂ ನೋಡಿರಲಿಲ್ಲ.

ಒಂದು ಬೆಳಗ್ಗೆ ಹಿತ್ತಲಿನಿಂದ ಕಾಶೆವ್ವ ಕೂಗಿದಳು. ಗುರುಸಿದ್ದವ್ವ ಕೈಯಲ್ಲಿದ್ದ ಮೊರ ಅಲ್ಲೇ ಬಿಟ್ಟು ಓಡಿದಳು. ಬಚ್ಚಲ ಗೋಡೆಗೆ ಆತು ಕಾಶೆವ್ವ ನಿಂತಿದ್ದಳು. ಸೀರೆಯಲ್ಲಿ ನೆತ್ತರು. "ಅಕ್ಕಾ, ಹೋತು. ಅಕ್ಕಾ, ನನ್ನ ಕೂಸ ಹೋತು" ಎಂದು ಅವಳು ಎದೆ ಬಡಿದುಕೊಂಡಳು.

ಮುದಕವ್ವ ಮೂಲೆ ಹಿಡಿದು ಹಾಡಿಕೊಂಡು ಅತ್ತಳು, ಸತ್ತವರಿಗೆ ಅಳುವ ಹಾಗೆ. ಶಿವಲಿಂಗಪ್ಪ ಬಂದವನು ಕಟ್ಟೆಯ ಮೇಲೆ ಕೂತ. ಯುದ್ಧ ನೋಡಿ ಬಂದವನು ಅಂಗೈಯಿಂದ ಕಣ್ಣು ಒರೆಸಿಕೊಂಡ. ಅಂದಾನೆಪ್ಪ ಕೂಡ ಅಂಗಡಿ ಮುಚ್ಚಿದ. ಇಲ್ಲದ ಕೂಸಿಗೆ ಇಡೀ ಮನೆ ಅತ್ತಿತು. ಅದು ವಾರ ತಡವಾಗಿ ಬಂದ ಮುಟ್ಟಷ್ಟೆ, ಕೂಸು ಇರಲೇ ಇಲ್ಲ ಎಂದು ತಿಳಿದವಳು ಒಬ್ಬಳೇ. ಅವಳು ಒಲೆಗೆ ಕಟ್ಟಿಗೆ ಹಾಕಿ, ನೀರು ಕಾಸಿ, ಎಲ್ಲರಿಗೂ ಒಂದಿಷ್ಟು ಅಂಬಲಿ ಮಾಡಿದಳು.

ಕಾಶೆವ್ವ ಉಣ್ಣುವುದನ್ನು ಬಿಟ್ಟಳು. ಚಿತ್ರದ ಕಾರ್ಡುಗಳನ್ನೆಲ್ಲ ಒಲೆಗೆ ಹಾಕಿದಳು. ಹಳದಿ, ಗುಲಾಬಿ ಮನೆಗಳು, ಆ ನೀಲಿ ಗವಿ, ಎಲ್ಲ ಗುರುಸಿದ್ದವ್ವನ ಕಣ್ಣ ಮುಂದೆಯೇ ಸುರುಟಿಕೊಂಡು ಬೂದಿಯಾದವು. ಯಾಕೆ ಎಂದು ಕೇಳಲು ಅವಳಿಗೆ ಧೈರ್ಯ ಬರಲಿಲ್ಲ. ಕಾಶೆವ್ವನೇ ಹೇಳಿದಳು.

"ನಾ ಪಾಪಿ ಅಕ್ಕಾ. ಬಸುರಿ ಅಂತ ತಿಳಿದ ಮ್ಯಾಲೂ ನನ್ನ ಮನಸಿನ್ಯಾಗ ಒಂದು ಮೂಲ್ಯಾಗ ಸಮುದ್ರದ ಆಶಾ ಇತ್ತು. ಹೋಗಬೇಕಾಗಿತ್ತು ಅನಸ್ತಿತ್ತು. ಕೂಸಿಗೆ ಅದು ತಿಳೀತು. ಈ ಅವ್ವಗ ನನಗಿಂತ ಸಮುದ್ರ ಬೇಕಾಗೇತಿ ಅಂತ ಹೊಂಟು ಹೋತು. ಇನ್ನ ಜೀವ ಇರೂತನಕ ಹೊಳಿ ದಾಟೂದಿಲ್ಲಂತ ಬಸವಣ್ಣನ ಗುಡ್ಯಾಗ ಆಣಿ ಮಾಡೇನಿ."

ಗುರುಸಿದ್ದವ್ವ ಕಲ್ಲಿನಿಂದ ಮಾಡಿದವಳಲ್ಲ. ಹೊಟ್ಟೆಕಿಚ್ಚಿನ ಹೆಂಗಸು ಅಂದರೆ ರಾಕ್ಷಸಿಯಲ್ಲ. ಎರಡು ದಿನದ ಬೇಸರ ಕೊಡಬೇಕೆಂದವಳು ಜೀವಮಾನದ ಶಿಕ್ಷೆ ಕೊಟ್ಟುಬಿಟ್ಟಿದ್ದಳು. ಅವಳು ಎದ್ದು ಬಾಗಿಲು ಮುಂದೆ ಮಾಡಿ, ಕಾಶೆವ್ವನ ಎದುರಿಗೆ ಕೂತು, ಅವಳ ಎರಡೂ ಕೈ ಹಿಡಿದುಕೊಂಡಳು.

"ಕಾಶೀ, ನನ್ನ ಮಾತ ಕೇಳಿಲ್ಲಿ. ನೀ ಬಸರ ಆಗಿರಲೇ ಇಲ್ಲ. ಕೂಸು ಇರಲೇ ಇಲ್ಲ. ಓಕರಿಸಿದಿ ಅಂತ ನಾ ಅತ್ತಿ ಮುಂದ ಸುಳ್ಳ ಹೇಳಿದೆ."

ಕಾಶೆವ್ವ ಅವಳನ್ನೇ ನೋಡಿದಳು. "ಯಾಕ ಅಕ್ಕಾ?"

"ನೀ ಸಮುದ್ರ ನೋಡಬಾರದಂತ. ನಿನ್ನ ಗಂಡ ನಿನ್ನ ಕರಕೊಂಡು ಹೊಂಟಿದ್ದ, ನನ್ನ ಯಾರೂ ಕರೀಲಿಲ್ಲ. ನಂಗ ಹೊಟ್ಟಿಕಿಚ್ಚಾತು. ಅದಕ್ಕ ಹೇಳಿದೆ."

ಹೇಳಿದ ಮೇಲೆ ಅವಳ ಎದೆ ಹಗುರಾಯಿತು. ಇನ್ನು ಇವಳು ಉಗಿಯಲಿ, ಕೂದಲು ಹಿಡಿದು ಎಳೆಯಲಿ, ಅತ್ತೆಯನ್ನು ಕೂಗಲಿ, ಏನಾದರೂ ಆಗಲಿ ಎಂದು ತಲೆ ತಗ್ಗಿಸಿ ಕೂತಳು. ಯಾವುದೂ ಆಗಲಿಲ್ಲ. ತಲೆ ಎತ್ತಿದರೆ ಕಾಶೆವ್ವನ ಕಣ್ಣಲ್ಲಿ ನೀರು ತುಂಬಿತ್ತು, ಆದರೆ ಎಷ್ಟೋ ದಿನದ ಮೇಲೆ ಮೊದಲ ಸಲ ಅವಳ ತುಟಿ ನಗುತ್ತಿತ್ತು.

"ನನ್ನ ದುಃಖ ಕಡಿಮಿ ಆಗಲೆಂತ ನಿಮ್ಮ ಹೆಸರ ಕೆಡಿಸ್ಕೋತೀರೇನಕ್ಕಾ? ನಾ ಅಷ್ಟ ದಡ್ಡಿ ಅದೇನೇನು? ನಿಮ್ಮಂಥಾಕಿ ಹಂಗ ಮಾಡ್ತಾಳೇನು?"

"ಖರೇನ ಹೇಳ್ತೇನಿ. ಬೇಕಾದ್ರ ಲಿಂಗ ಮುಟ್ಟಿ ಆಣಿ ಮಾಡ್ತೇನಿ" ಎಂದು ಗುರುಸಿದ್ದವ್ವ ಕೊರಳಿನ ಲಿಂಗದ ಕರಡಿಗೆಗೆ ಕೈ ಹಾಕಿದಳು. ಕಾಶೆವ್ವ ಗಾಬರಿಯಿಂದ ಅವಳ ಕೈ ಹಿಡಿದು ಎಳೆದಳು. ಸೊರಗಿದ ಆ ಕೈಗೆ ಅಷ್ಟು ಬಲ ಎಲ್ಲಿಂದ ಬಂತೋ.

"ಬ್ಯಾಡ್ರಿ! ನನ್ನ ಸಲುವಾಗಿ ಲಿಂಗ ಮುಟ್ಟಿ ಸುಳ್ಳ ಆಣಿ ಮಾಡಬ್ಯಾಡ್ರಿ, ನಿಮ್ಮ ಕಾಲ ಬೀಳ್ತೇನಿ. ನಾ ಉಣ್ತೇನಿ. ಇವತ್ತಿಂದ ಉಣ್ತೇನಿ. ಆತಿಲ್ಲ?"

ಬಾಗಿಲಾಚೆ ನಿಂತು ಕೇಳಿಸಿಕೊಂಡಿದ್ದ ಮುದಕವ್ವ ಒಳಗೆ ಬಂದಳು. ಹಿರಿಯ ಸೊಸೆಯ ಮುಖವನ್ನು ಎರಡೂ ಕೈಯಿಂದ ಸವರಿ, ನೆಟಿಗೆ ಮುರಿದು ದೃಷ್ಟಿ ತೆಗೆದಳು. "ನಾಲ್ಕು ಓಣಿ ಹುಡುಕಿದ್ರೂ ಇಂಥಾ ನೆಗೆಣ್ಣಿ ಸಿಗೂದಿಲ್ಲವ್ವ. ತಂಗಿ ಉಣ್ಣಲೆಂತ ತನ್ನ ಮ್ಯಾಲೆ ತಾನ ಪಾಪ ಹೊರಿಸ್ಕೊಂಡ್ಲು" ಎಂದು ಕಣ್ಣೊರೆಸಿಕೊಂಡು, ಅದನ್ನು ಹೊಳೆವ್ವನಿಗೆ ಹೇಳಲು ಗೋಡೆಯ ಕಡೆ ನಡೆದಳು.

ಗುರುಸಿದ್ದವ್ವ ಅಂಬಲಿ ತಂದು ಬಟ್ಟಲು ಮುಂದಿಟ್ಟಳು. ಕಾಶೆವ್ವ ಮಗುವಿನ ಹಾಗೆ ಅವಳ ಭುಜಕ್ಕೆ ತಲೆಯಿಟ್ಟು, ಒಂದೊಂದೇ ಗುಟುಕು ಕುಡಿದಳು. ಎಷ್ಟು ಸುಲಭವಾಗಿ ನಂಬುತ್ತಾಳೆ ಇವಳು. ಎಲ್ಲವನ್ನೂ ಕಳೆದುಕೊಂಡ ಮೇಲೂ ಇನ್ನೊಬ್ಬಳನ್ನು ಹೀಗೆ ನಂಬಿ ಒರಗಲು ಇವಳಿಗೆ ಬರುತ್ತದೆ. ತನಗೆ ಯಾವತ್ತೂ ಬಂದಿಲ್ಲ, ಇನ್ನು ಬರುವುದೂ ಇಲ್ಲ. ಬಟ್ಟಲು ಹಿಡಿದುಕೊಂಡೇ ಗುರುಸಿದ್ದವ್ವನಿಗೆ ಮತ್ತೆ ಹೊಟ್ಟೆ ಉರಿಯಿತು.